ಸದ್ದಾದ ಮೇಲಿನ ಮೌನ

ನಿಯಮವೇ ತಪ್ಪಿರಬೇಕು. ಇಲ್ಲದಿದ್ದರೆ ಆ ಮನೆ ಕೆಂಪಾಗಲು ಕಾರಣವಿಲ್ಲ. ನಿಯಮ ಸರಿಯಿದ್ದರೆ ಪೆಟ್ಟಿಗೆ ಕೆಟ್ಟಿರಬೇಕು. ಪೆಟ್ಟಿಗೆಯೂ ಸರಿಯಿದ್ದರೆ... ಅಲ್ಲಿಂದ ಮುಂದಕ್ಕೆ ರೇವಣಸಿದ್ಧನ ಯೋಚನೆ ಹೋಗುತ್ತಿರಲಿಲ್ಲ. ಗೂಟಕ್ಕೆ ಕಟ್ಟಿದ ದನದ ಹಾಗೆ ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬರುತ್ತಿತ್ತು: ನಿಯಮವೇ ತಪ್ಪಿರಬೇಕು.

ನಿಯಂತ್ರಣ ಕೊಠಡಿಯ ಪರದೆಯ ಮೇಲೆ ನೇಕಾರರ ಓಣಿಯ ನಕ್ಷೆ ಹರಡಿತ್ತು. ಒಂದೊಂದು ಮನೆಗೆ ಒಂದೊಂದು ಚೌಕ. ಬೆಳಿಗ್ಗೆ ಎಲ್ಲ ಚೌಕಗಳೂ ಹಸಿರಾಗಿದ್ದವು. ತಾನು ಬರೆದ ಹೊಸ ನಿಯಮವನ್ನು ಕಳೆದ ವರ್ಷದ ಸದ್ದುಗಳ ಮೇಲೆ ಓಡಿಸಿದ ಮೇಲೆ ಮೈಮೇಲೆ ಗಂದೆ ಎದ್ದ ಹಾಗೆ ಅಲ್ಲೊಂದು ಇಲ್ಲೊಂದು ಕೆಂಪು ಚೌಕ ಕಾಣಿಸಿಕೊಂಡು, ಕೊನೆಗೆ ಓಣಿಯ ಅರ್ಧ ಮೈ ಕೆಂಪಾಯಿತು. ಅಷ್ಟನ್ನು ಅವನು ನಿರೀಕ್ಷಿಸಿದ್ದ. ಆ ಕೆಂಪಿನ ನಡುವೆ ತನ್ನ ಮನೆಯೂ ಇರುವುದೆಂದು ನಿರೀಕ್ಷಿಸಿರಲಿಲ್ಲ. ಆ ಮನೆಯಲ್ಲಿ ಇರುವವರು ಇಬ್ಬರೇ, ಅವನು ಮತ್ತು ಅವನ ತಾಯಿ ಗೌರವ್ವ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು.

ಪಕ್ಕದ ಕುರ್ಚಿಯ ಫಕೀರೇಶ ಚಹಾದ ಕಪ್ಪು ಹಿಡಿದು ಬಗ್ಗಿ ನೋಡಿದ.

"ಏನಲೇ ರೇವಣಾ, ನಿಮ್ಮನಿನೂ ಕೆಂಪಾಗೇತಲ್ಲೋ! ಅವ್ವನ್ನ ಬಡಿಯಾಕತ್ತೀ ಏನು?"

"ಸುಮ್ನಿರಲೇ."

"ಇಲ್ಲಾ ಅವ್ವನ ನಿನಗ ಬಡೀತಾಳೋ? ಹಂಗಿರಬೇಕು. ಬಡಸ್ಕೊಂಡ್ರೂ ಬಾಯಿ ಬಿಡೋ ಪೈಕಿ ಅಲ್ಲ ನೀ."

ಫಕೀರೇಶನ ಧ್ವನಿ ದೊಡ್ಡದು. ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ರೇವಣನೂ ನಕ್ಕ. ನಗುವಾಗ ಕೆನ್ನೆಗೆ ನೋವಾಯಿತು.

ಇಲಾಖೆ ಆ ಪೆಟ್ಟಿಗೆಗೆ ಏನೋ ಉದ್ದನೆಯ ಹೆಸರು ಇಟ್ಟಿತ್ತು. ಓಣಿಯ ಜನ ಅದನ್ನು ಗೋಡೆಗಿವಿ ಎಂದರು. ಅಂಗೈಯಗಲದ ಬಿಳಿ ಡಬ್ಬಿ. ಗೋಡೆಗೆ ತಿರುಪು ಹಾಕಿ ಕೂರಿಸಿದರೆ ಅದು ಗೋಡೆಯ ನಡುಕದಿಂದಲೇ ಮನೆಯ ಸದ್ದುಗಳನ್ನು ಹಿಡಿಯುತ್ತಿತ್ತು. ಮಾತು ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಯಾರ ಮಾತನ್ನೂ ಅದು ಕೂಡಿಡಬಾರದೆಂದು ಓಣಿಯ ಹೆಂಗಸರು ಮೊದಲ ದಿನವೇ ಹಟ ಹಿಡಿದು ಒಪ್ಪಿಸಿಕೊಂಡಿದ್ದರು. ಸದ್ದಿನ ಎತ್ತರವೆಷ್ಟು, ಉದ್ದವೆಷ್ಟು, ಒಂದು ಸದ್ದಿಗೂ ಇನ್ನೊಂದಕ್ಕೂ ನಡುವಿನ ತೆರಪೆಷ್ಟು, ಇಷ್ಟೇ ಅದರ ಲೆಕ್ಕ. ಹಗಲೆಲ್ಲ ಬಡಿಯುವ ವಿದ್ಯುತ್ ಮಗ್ಗಗಳ ತಾಳ ಒಂದೇ ಸಮನಾಗಿರುತ್ತಿದ್ದುದರಿಂದ ಅದನ್ನು ಕಳೆದು ಉಳಿದದ್ದನ್ನು ನೋಡುವುದು ಸುಲಭವಾಗಿತ್ತು. ಒಂದು ಪೆಟ್ಟು, ಅದರ ಬೆನ್ನಿಗೇ ಒಂದು ಕೂಗು ಬಂದರೆ ಕಿವಿ ಎಚ್ಚರವಾಗುತ್ತಿತ್ತು. ಅದೇ ಓಣಿಯ ನಾಲ್ಕೈದು ಹೆಂಗಸರ ಫೋನಿಗೆ ಕರೆ ಹೋಗುತ್ತಿತ್ತು.

ಅವರು ಪೊಲೀಸರನ್ನು ಕರೆಯುತ್ತಿರಲಿಲ್ಲ, ಜಗಳಕ್ಕೂ ನಿಲ್ಲುತ್ತಿರಲಿಲ್ಲ. ಒಬ್ಬೊಬ್ಬರೂ ಖಾಲಿ ತಂಬಿಗೆ ಹಿಡಿದು ಆ ಮನೆಯ ಬಾಗಿಲಿಗೆ ಹೋಗಿ ನೀರು ಕೇಳುತ್ತಿದ್ದರು. ಬಾಗಿಲಿಗೆ ಬಂದು ನೀರು ಕೇಳಿದವರನ್ನು ಆ ಓಣಿಯಲ್ಲಿ ಯಾವ ಗಂಡಸೂ ಹಿಂದಕ್ಕೆ ಕಳಿಸುವಂತಿರಲಿಲ್ಲ. ಒಳಗೆ ಬಂದು ಪಡಸಾಲೆಯಲ್ಲಿ ಸಾಲಾಗಿ ಕೂತು, ಗುಟುಕು ಗುಟುಕಾಗಿ ಕುಡಿಯುತ್ತ, ಮಳೆ, ಬಿಸಿಲು, ಕಾಳಿನ ಹುಳ ಎಂದು ಮಾತಾಡುತ್ತ, ಅವನು ಅಂಗಿ ಹಾಕಿಕೊಂಡು ಹೊರಗೆ ಹೋಗುವವರೆಗೂ ಏಳುತ್ತಿರಲಿಲ್ಲ. ಅವನು ಹೋದ ಮೇಲೆ ಆಕೆಯನ್ನು ಕೇಳುತ್ತಿದ್ದರು: ಇಲ್ಲೇ ಇರ್ತೀಯೋ, ನಮ್ಮ ಜೊತಿ ಬರ್ತೀಯೋ? ಬರುತ್ತೇನೆ ಎಂದವಳಿಗೆ ಆಸರೆ ಮನೆ ಇತ್ತು, ಡಾಕ್ಟರು, ವಕೀಲರು ಇದ್ದರು. ಈ ಉಪಾಯ ಯಾವ ವಿಜ್ಞಾನಿಯದೂ ಅಲ್ಲ. ಗೌರವ್ವನದು. ಮೊದಲ ತಂಬಿಗೆಯೂ ಆಕೆಯದೇ. ಆ ವರ್ಷ ಮಗ ತನ್ನ ತಾಯಿಯ ಬಗ್ಗೆ ಹೆಮ್ಮೆಪಟ್ಟಿದ್ದ.

ಎರಡನೆಯ ವರ್ಷ ರಾಜಧಾನಿಯಲ್ಲಿ ಯಾರಿಗೋ ಒಂದು ಒಳ್ಳೆಯ ಬುದ್ಧಿ ಬಂತು. ಕಡಿಮೆ ಕರೆ ಬರುವ ಓಣಿಯನ್ನು 'ಶಾಂತ ಓಣಿ' ಎಂದು ಗುರುತಿಸಿ ಅದಕ್ಕೆ ಏನಾದರೂ ಉಡುಗೊರೆ ಕೊಡಬೇಕು. ನೇಕಾರರಿಗೆ ಕರೆಂಟಿಗಿಂತ ದೊಡ್ಡ ಉಡುಗೊರೆ ಯಾವುದು? ನಡುವೆ ಕರೆಂಟು ಹೋದರೆ ಮಗ್ಗ ನಿಂತು ಸೀರೆಯ ಮೈಮೇಲೆ ಅಡ್ಡಗೆರೆ ಬೀಳುತ್ತದೆ, ಆ ಸೀರೆಯನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ ಶಾಂತ ಓಣಿಗೆ ಕರೆಂಟು ಕಡಿಯುವುದಿಲ್ಲ ಎಂದು ಆದೇಶವಾಯಿತು. ಅಂದಿನಿಂದ ಕರೆಗಳು ಇಳಿಯತೊಡಗಿ, ಹೆಚ್ಚುಕಡಿಮೆ ನಿಂತೇಹೋದವು. ಈಗ ಓಣಿಯನ್ನು ಸುಧಾರಿಸಿದ ಓಣಿ ಎಂದು ಸನ್ಮಾನಿಸಿ, ಕಿವಿಗಳನ್ನು ಕಿತ್ತು ಬೇರೆ ಊರಿಗೆ ಒಯ್ಯುವುದೆಂದು ತೀರ್ಮಾನವಾಗಿತ್ತು. ಕೊನೆಯ ಪರಿಶೀಲನಾ ಸಭೆಯೊಂದು ಬಾಕಿ.

ರೇವಣ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಮಾತು ಕಡಿಮೆ. ಕೂಗುಗಳು ನಿಂತದ್ದನ್ನು ಎಲ್ಲರೂ ನೋಡಿದರು. ಪೆಟ್ಟುಗಳು ನಿಲ್ಲದೆ ಇದ್ದದ್ದನ್ನು ಅವನೊಬ್ಬ ನೋಡಿದ. ಗೋಡೆ ಹಿಂದಿನಷ್ಟೇ ನಡುಗುತ್ತಿತ್ತು. ಆದರೆ ಪೆಟ್ಟು ಎಂದರೆ ಏನು ಬೇಕಾದರೂ ಆಗಬಹುದು, ಒರಳಿಗೆ ಬಿದ್ದ ಒನಕೆ, ಜಾರಿದ ಕೊಡ. ಇದನ್ನು ಅದರಿಂದ ಬೇರೆ ಮಾಡುವುದು ಹೇಗೆ?

ಅವನಿಗೆ ಹೊಳೆದದ್ದು ಚಿಕ್ಕಂದಿನ ನೆನಪಿನಿಂದ. ಅವರ ಮನೆಯಲ್ಲಿ ಆಗ ಎರಡು ಬಗೆಯ ಸದ್ದಿದ್ದವು. ಒಂದು, ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಆಗುವುದು. ಆಗ ಪಡಸಾಲೆಯಿಂದಲೋ ಹಿತ್ತಲಿನಿಂದಲೋ ಯಾರಾದರೊಬ್ಬರು 'ಏನ್ ಬಿತ್ತು?' ಎಂದು ಕೂಗುತ್ತಿದ್ದರು. ಇನ್ನೊಂದು ಸದ್ದಾದ ಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ. ಇಡೀ ಮನೆ ಉಸಿರು ಹಿಡಿದುಕೊಳ್ಳುತ್ತಿತ್ತು. ನಿಯಮ ಇಷ್ಟೇ: ಪೆಟ್ಟಾದ ಮೇಲೆ ಮನೆಯಲ್ಲಿ ಮಾತು ಹುಟ್ಟಿದರೆ ಬಿದ್ದದ್ದು ವಸ್ತು. ಇದ್ದ ಸಣ್ಣಪುಟ್ಟ ಸದ್ದುಗಳೂ ನಿಂತು ಮೌನವಾದರೆ ಬಿದ್ದದ್ದು ಮನುಷ್ಯರು.

ಯೋಜನೆಯ ಅಧಿಕಾರಿ ಉಜ್ವಲಾ ದೇಸಾಯಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ. ಮೊದಲ ವರ್ಷ ಎಷ್ಟೋ ಹೆಂಗಸರನ್ನು ತಮ್ಮ ಜೀಪಿನಲ್ಲೇ ಆಸರೆ ಮನೆಗೆ ಕರೆದೊಯ್ದವರು.

"ಅಲ್ರೀ ರೇವಣ, ಮೌನಾನ ಸಾಕ್ಷಿ ಅಂತ ಸಭಾದಾಗ ಹೆಂಗ್ರಿ ತೋರ್ಸೋದು? 'ಏನೂ ಕೇಳಿಸಲಿಲ್ಲ, ಅದಕ್ಕ ಹೊಡದಾರ' ಅಂದ್ರ ನಗ್ತಾರ. ಇಷ್ಟು ಕೆಂಪು ಮನಿಯೊಳಗ ಒಂದು ಮನ್ಯಾಗಿನವರರ ಬಾಯಿಬಿಟ್ಟು ಹೌದು ಅನ್ಬೇಕು. ಒಂದ ಮನಿ ಸಾಕು. ಕಿವಿ ಕೀಳೋದನ್ನ ನಾ ನಿಲ್ಲಸ್ತೀನಿ."

"ಕೇಳ್ತೀನ್ರಿ ಮೇಡಂ."

"ಮತ್ತ ಇದು ನಿಮ್ಮನಿ ಅಲ್ಲೇನು? ಇದ್ಯಾಕ ಕೆಂಪು?"

"ಅದು... ಪೆಟ್ಟಿಗಿ ನೋಡ್ಬೇಕ್ರಿ."

ಆ ಸಂಜೆ ಅವನು ಮನೆಯಲ್ಲಿ ಕುರ್ಚಿ ಹತ್ತಿ ಕಿವಿಯನ್ನು ಬಿಚ್ಚಿ ನೋಡಿದ. ತಿರುಪು ಬಿಗಿಯಾಗಿತ್ತು. ತಂತಿ ಸರಿಯಿತ್ತು. ಮತ್ತೆ ಕೂರಿಸಿ ಊಟಕ್ಕೆ ಕೂತ. ಗೌರವ್ವ ರೊಟ್ಟಿ ಹಾಕಿ, ಜುಣಕದ ಪಾತ್ರೆಗೆ ಸೌಟು ಇಳಿಸಿದ್ದಳು.

ಆಚೆಯ ಗೋಡೆಯಲ್ಲಿ ದಪ್ಪನೆ ಏನೋ ಬಡಿದಂತಾಯಿತು.

ಅದು ಅವನ ಅಕ್ಕ ಬನಶಂಕರಿಯ ಮನೆಯ ಗೋಡೆ. ಅದೇ ಓಣಿಯ ವಿಠ್ಠಲನಿಗೆ ಅವಳನ್ನು ಕೊಟ್ಟಿದ್ದರು. ಮಗಳು ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುತ್ತಾಳೆಂದು ಮದುವೆಯಲ್ಲಿ ಎಲ್ಲರೂ ಹೇಳಿದ್ದರು. ಎರಡು ಮನೆಗೂ ನಡುವೆ ಒಂದೇ ಗೋಡೆ.

ಗೌರವ್ವನ ಕೈ ಸೌಟಿನ ಮೇಲೆ ನಿಂತಿತು. ರೇವಣನ ಬಾಯಲ್ಲಿ ರೊಟ್ಟಿಯ ತುತ್ತು ನಿಂತಿತು. ಅವನು ಅಗಿಯಲಿಲ್ಲ. ಆಕೆ ಸೌಟು ಎತ್ತಲಿಲ್ಲ. ಮತ್ತೊಂದು ಸಲ ಬಡಿಯಿತು. ಆಮೇಲೆ ಆ ಕಡೆ ಮಗ್ಗ ಶುರುವಾಯಿತು. ಲಾಳಿಯ ಸದ್ದು ಕೇಳಿದೊಡನೆ ಗೌರವ್ವ ಸೌಟು ಎತ್ತಿ ಜುಣಕ ಹಾಕಿದಳು, ರೇವಣ ತುತ್ತು ನುಂಗಿದ. ಗೋಡೆಯ ಮೇಲೆ ಕಿವಿಯ ಸಣ್ಣ ದೀಪ ಉರಿಯುತ್ತಿತ್ತು.

ಪೆಟ್ಟಿಗೆ ಕೆಟ್ಟಿರಲಿಲ್ಲ. ಪೆಟ್ಟು ಆ ಮನೆಯದು, ಗೋಡೆಯಿಂದ ಈ ಮನೆಗೂ ಬಂದಿತ್ತು. ಮೌನ ಮಾತ್ರ ಈ ಮನೆಯದೇ. ಅವನ ನಿಯಮ ಅವನನ್ನೂ ಅವನ ತಾಯಿಯನ್ನೂ ಸರಿಯಾಗಿ ಲೆಕ್ಕ ಹಾಕಿತ್ತು.

ಮರುದಿನ ಮಧ್ಯಾಹ್ನ ವಿಠ್ಠಲ ನೂಲು ತರಲು ಹೋದದ್ದನ್ನು ನೋಡಿಕೊಂಡು ಅವನು ಅಕ್ಕನ ಮನೆಗೆ ಹೋದ. ಅವಳು ಮಗ್ಗ ನಿಲ್ಲಿಸಿ ಎದ್ದು ಬಂದಳು. ಒಂದು ಕಡೆ ಭುಜ ಇಳಿದಿತ್ತು.

"ಬಾ ತಮ್ಮಾ. ಆಫೀಸ್ ಬಿಟ್ಟು ಹಗಲೊತ್ತಿನಾಗ? ನನಗೇನರ ವರಾ ನೋಡಿ ಬಂದೀ ಏನು ಮತ್ತ?"

"ಚಹಾ ಮಾಡಕ್ಕಾ."

ಅವಳು ಸ್ಟೌ ಹಚ್ಚಿದಳು. ಅವನು ಲೋಟ ತೆಗೆಯಲು ಒಲೆಯ ಪಕ್ಕದ ಗೂಡಿಗೆ ಕೈ ಹಾಕಿದ. ಮೆತ್ತಗಿನದೇನೋ ಕೈಗೆ ಹತ್ತಿತು. ಪಾತ್ರೆ ತಿಕ್ಕುವ ನಾರು ಎಂದುಕೊಂಡು ಹೊರಗೆ ತೆಗೆದ. ಹಸಿರು, ಕುಂಕುಮಗೆಂಪು ನೂಲಿನ ತುಂಡುಗಳನ್ನು ಸುತ್ತಿ ಬಿಗಿಯಾಗಿ ಕಟ್ಟಿದ ಉಂಡೆ, ಲಿಂಬೆಹಣ್ಣಿನಷ್ಟು. ಅವಳು ನೇಯುತ್ತಿದ್ದ ಸೀರೆಯದೇ ಬಣ್ಣ. ನಡುವೆ ಅದು ತಗ್ಗಾಗಿತ್ತು. ಆ ತಗ್ಗಿನಲ್ಲಿ ಹಲ್ಲಿನ ಸಾಲಿತ್ತು. ಒಂದು ಬದಿ ಇನ್ನೂ ಹಸಿಯಿತ್ತು, ಇನ್ನೊಂದು ಬದಿಯಲ್ಲಿ ಒಣಗಿದ ಎಂಜಲು ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗಿತ್ತು. ಹಳಸಿದ ಬಾಯಿಯ ವಾಸನೆ.

ಅವನು ಅದನ್ನು ಕೈಬಿಟ್ಟ. ಅದು ಸದ್ದಿಲ್ಲದೆ ಬಿತ್ತು.

"ಅದು ನಂದೋ. ಅಲ್ಲೇ ಇಡು," ಎಂದಳು ಅವಳು, ಹಲ್ಲುಜ್ಜುವ ಬ್ರಶ್ಶಿನ ಬಗ್ಗೆ ಹೇಳುವ ಹಾಗೆ. "ಮಣ್ಣು ಹತ್ತಸಬ್ಯಾಡ."

"ಏನಕ್ಕಾ ಇದು?"

"ಗೊತ್ತಾಗಲಿಲ್ಲೇನು? ಎಂ.ಎಸ್ಸಿ. ಓದೀದಿ." ಅವಳೇ ಬಗ್ಗಿ ಎತ್ತಿ, ಊದಿ, ಗೂಡಿನಲ್ಲಿಟ್ಟಳು. "ಅವ್ವ ಕಟ್ಟಿಕೊಟ್ಟಾಳ. ಮೊದಲಿಂದು ಸಣ್ಣದಾಗಿ ಗಂಟಲಿಗೆ ಹೋಗ್ತಿತ್ತು. ಹೇಳಿದೆ. ದೊಡ್ಡದು ಕಟ್ಟಿದ್ಲು."

"ಅವ್ವ?"

"ಎಲ್ಲಾರ ಮನ್ಯಾಗೂ ಐತಿ. ತಂಬಿಗಿ ತಗೊಂಡು ನೀರು ಕೇಳಾಕ ಬರ್ತಾರಲ್ಲ, ನೀರು ಕುಡದು ಹೋಗುಮುಂದ ಕೈಯಾಗ ಇಟ್ಟು ಹೋಗ್ತಾರ. 'ಕರೆಂಟ್ ಹೋಗ್ತೈತಿ ತಂಗಿ, ತಡಕೊ' ಅಂತಾರ. ಮೊದಲು ಬಾಯಾರಿ ಬರ್ತಿದ್ರು, ಈಗ ಬಾಯಿ ಮುಚ್ಚಾಕ ಬರ್ತಾರ."

ಅವಳು ನಕ್ಕಳು. ನಕ್ಕಾಗ ಕೈ ದವಡೆಗೆ ಹೋಯಿತು. ಅವನು ತಾನು ಬಂದ ಕಾರಣ ಹೇಳಿದ. ನಿಯಮದ ಬಗ್ಗೆ ಹೇಳಿದ. ಪಾತ್ರೆ ಬಿದ್ದರೆ ಜನ ಕೇಳುತ್ತಾರೆ, ಇದಾದರೆ ಕೇಳುವುದಿಲ್ಲ, ಆ ಮೌನವನ್ನು ಯಂತ್ರಕ್ಕೆ ಕಲಿಸಿದ್ದೇನೆ ಎಂದ. ಸಭೆಯಲ್ಲಿ ನೀನೊಬ್ಬಳು ಹೌದು ಅಂದರೆ ಸಾಕು ಎಂದ. ಅವಳು ಚಹಾ ಸೋಸುತ್ತ ಕೇಳಿಸಿಕೊಂಡಳು.

"ನಾ ಹೌದು ಅಂದ್ರ ಓಣಿ ಮಗ್ಗೆಲ್ಲಾ ನಿಲ್ತಾವು. ಆಮ್ಯಾಲೆ ಅವನ್ನ ಯಾರೂ ಬೈಯಂಗಿಲ್ಲ. ನನ್ನ ಬೈತಾರ. ನೀರಿನ ನಳಕ್ಕ ಹೋದ್ರ ಕೊಡಾ ಇಡಾಕ ಜಾಗಾ ಕೊಡಂಗಿಲ್ಲ. ನಾ ಒಲ್ಲೆ."

"ಹಂಗಾದ್ರ ಕಿವಿ ಕಿತ್ತುಬಿಡ್ತಾರಕ್ಕಾ."

"ಕೀಳಲಿ ಬಿಡು." ಲೋಟವನ್ನು ಅವನ ಮುಂದಿಟ್ಟು ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. "ಪೆಟ್ಟಿಗಿ ಯಾತಕ್ಕ ಬೇಕೋ ರೇವಣ್ಯಾ? ಗ್ವಾಡಿ ಆ ಕಡೆ ನೀನ ಇರ್ತೀಯಲ್ಲ. ಒಂದ್ಸಲ ಅಲ್ಲಿಂದ 'ಏನ್ ಬಿತ್ತು ಅಕ್ಕಾ' ಅಂತ ಕೇಳು. ಅಷ್ಟ. ಒಳಗ ಬರಬ್ಯಾಡ, ಜಗಳಾಡಬ್ಯಾಡ. ಅವಂಗ ನಾಚಿಕಿ ಇಲ್ಲ ಖರೆ, ಆದ್ರ ಹೊರಗ ಕೇಳಿಸೇತಿ ಅಂತ ಗೊತ್ತಾದ್ರ ಕೈ ಬಿಡ್ತಾನ. ಹೆದರಪುಕ್ಕ ಅದಾನ. ಮತ್ತ ಕೇಳಾಂವ ನೀನಾಗಬೇಕು, ಅವ್ವ ಅಲ್ಲ. ಅವ್ವನ ದನಿಗೆ ಅಂವ ಅಂಜೂದಿಲ್ಲ."

"ಕೇಳ್ತೀನಿ," ಎಂದ ರೇವಣ.

ಚಹಾ ಕುಡಿಯಲಾಗಲಿಲ್ಲ. ಮನೆಗೆ ಬಂದು ಕೈ ತೊಳೆದ. ಸೋಪು ಹಚ್ಚಿ ಮತ್ತೆ ತೊಳೆದ. ಬೆರಳಿನ ತುದಿಯ ಆ ಬಿರುಸು ಹೋಗಲಿಲ್ಲ.

"ಅವ್ವಾ, ಆ ಉಂಡಿ ನೀ ಕಟ್ಟೀಯೇನು?"

ಗೌರವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದ ಕೈ ನಿಲ್ಲಲಿಲ್ಲ.

"ಹೂಂ."

"ಯಾಕ?"

"ಇನ್ನೇನು ಮಾಡ್ಲೆಪಾ? ನಿಮ್ಮ ಸಾಹೇಬ್ರು ಮಾಡಿದ್ದಕ್ಕ ನಾ ಮಾಡಿದೆ. ಕೂಗಿದ್ರ ಕತ್ತಲಿ ಅಂತ ಹೇಳಿದಾಂವ ಅಂವ." ಅವಳು ಒಂದು ಹರಳು ಆರಿಸಿ ಎಸೆದಳು. "ನನ್ನ ಕಾಲಕ್ಕ ಯಾರೂ ಕಟ್ಟಿಕೊಡಲಿಲ್ಲ. ನಾ ಸೆರಗ ಕಚ್ಚಿದಾಕಿ. ಸೆರಗ ಹರೀತಾವು. ನೂಲು ಚಲೋ."

ಅವಳು ಇದನ್ನು ಯಾವ ಸಂಕಟವೂ ಇಲ್ಲದೆ, ಒಂದು ಅಡುಗೆಯ ವಿಧಾನ ಹೇಳುವಂತೆ ಹೇಳಿದಳು. ರೇವಣನಿಗೆ ಆ ಮೊರ, ಆ ಜೋಳ, ಅದರ ರೊಟ್ಟಿ, ಅದನ್ನು ತಿಂದ ತನ್ನ ಬಾಯಿ, ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು. ಆದರೂ ರಾತ್ರಿ ರೊಟ್ಟಿ ತಿಂದ. ಹಸಿವಾಗಿತ್ತು.

ಪರಿಶೀಲನಾ ಸಭೆಗೆ ರಾಜಧಾನಿಯಿಂದ ದೊಡ್ಡ ಸಾಹೇಬರು ಬಂದಿದ್ದರು. ತಟ್ಟೆಯಲ್ಲಿ ಗೋಡಂಬಿ ಬಿಸ್ಕತ್ತು. ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಳ್ಳುವುದರಲ್ಲಿ ಬಹಳ ಜಾಣರಿದ್ದರು. ರೇವಣನ ನಕ್ಷೆಯನ್ನು ಅಗಿಯುತ್ತಲೇ ನೋಡಿದರು.

"ಚೆನ್ನಾಗಿದೆ ಕಣ್ರೀ. ಕವಿತೆ ಥರ ಇದೆ. ಆದ್ರೆ ಒಬ್ರಾದ್ರೂ ಒಪ್ಪಿದಾರಾ?"

ಉಜ್ವಲಾ ರೇವಣನ ಕಡೆ ನೋಡಿದರು. ರೇವಣ ಇಲ್ಲವೆಂದು ತಲೆಯಾಡಿಸಿದ.

"ಈ ಮನೆ ಯಾರ್ದು? ಪಕ್ಕದಲ್ಲಿ ಏನೋ ಗುರುತು ಹಾಕಿದೀರ."

"ನಮ್ದು ಸರ್."

"ನಿಮ್ದಾ? ಯಾರ್ಯಾರಿದೀರಿ?"

"ನಾನು, ತಾಯಿ."

"ಮತ್ತೆ ಯಾರಪ್ಪಾ ಯಾರಿಗೆ ಹೊಡೆಯೋದು?"

ಸಭೆ ನಕ್ಕಿತು. ರೇವಣನ ಒಳಗೆ ಉತ್ತರ ಸಿದ್ಧವಾಗಿತ್ತು: ಪಕ್ಕದ ಮನೆ ನಮ್ಮಕ್ಕಂದು ಸರ್, ಗೋಡೆ ಒಂದೇ, ಪೆಟ್ಟು ಅವಳದು, ಮೌನ ನಮ್ಮದು. ಅಕ್ಕನ ಹೆಸರು ಬರುತ್ತದೆ, ಅವಳು ಒಲ್ಲೆ ಎಂದಿದ್ದಾಳೆ ಎಂದು ಅವನು ತನಗೇ ಹೇಳಿಕೊಂಡ. ಅಕ್ಕನ ಹೆಸರಿಲ್ಲದೆಯೂ ಅರ್ಧ ಉತ್ತರ ಹೇಳಬಹುದಿತ್ತು: ನಾವು ಕೇಳಿಸಿಕೊಂಡು ಸುಮ್ಮನಿದ್ದೆವು ಎಂದು. ಅಷ್ಟಾದರೂ ಅದು ಅವನದೇ ಮಾತಾಗುತ್ತಿತ್ತು. ಉಜ್ವಲಾ ಇನ್ನೂ ಅವನನ್ನೇ ನೋಡುತ್ತ ಕಾಯುತ್ತಿದ್ದರು. ಬಿಸ್ಕತ್ತಿನ ತಟ್ಟೆಯ ಮೇಲೆ ನೊಣ ಕೂತು ಕಾಲು ಉಜ್ಜಿಕೊಳ್ಳುತ್ತಿತ್ತು.

"ನಿಯಮದಾಗ ದೋಷ ಇರಬಹುದ್ರಿ ಸರ್," ಎಂದ ರೇವಣ.

"ಅದನ್ನೇ ನಾನು ಹೇಳಿದ್ದು," ಎಂದರು ಸಾಹೇಬರು.

ಸನ್ಮಾನದ ದಿನ ಓಣಿಯ ತುದಿಯಲ್ಲಿ ಪೆಂಡಾಲು ಹಾಕಿದ್ದರು. ಹೆಂಗಸರು ಮುಂದಿನ ಸಾಲುಗಳಲ್ಲಿ ತಾವೇ ನೇಯ್ದ ಸೀರೆ ಉಟ್ಟು ಕೂತಿದ್ದರು. ಓಣಿಯ ಪರವಾಗಿ ಶಾಲು ಹೊದಿಸಿಕೊಂಡವನು ವಿಠ್ಠಲ. ಮಾತು ಬಲ್ಲವನೆಂದು ಹಿರಿಯರೇ ಆರಿಸಿದ್ದರು.

"ನಮ್ಮ ಓಣಿ ಹೆಣ್ಮಕ್ಳು ಭಾಳ ಶಾಂತರದಾರ್ರಿ," ಎಂದ ಅವನು ಮೈಕಿನಲ್ಲಿ. "ಹೆಣ್ಣು ಶಾಂತ ಇದ್ರ ಮನಿ ಶಾಂತ, ಮನಿ ಶಾಂತ ಇದ್ರ ಮಗ್ಗ ನಡೀತಾವು. ಇದರ ಶ್ರೇಯಸ್ಸೆಲ್ಲಾ ತಾಯಂದಿರಿಗೆ."

ಜನ ಚಪ್ಪಾಳೆ ತಟ್ಟಿದರು. ಬನಶಂಕರಿಯೂ ತಟ್ಟಿದಳು, ಒಂದೇ ಕೈ ಮೇಲೆತ್ತಲು ಆಗುತ್ತಿದ್ದುದರಿಂದ ತೊಡೆಯ ಮೇಲೆ. ವಿಠ್ಠಲ ಕೆಳಗಿಳಿದು ಬಂದು ರೇವಣನ ಹೆಗಲ ಮೇಲೆ ಕೈ ಹಾಕಿದ. ಅತ್ತರಿನ ವಾಸನೆ.

"ಅಳಿಯದೇವ್ರ, ನಿಮ್ಮ ಯಂತ್ರಾನೂ ಚಲೋ ಕೆಲಸಾ ಮಾಡ್ತು ಬಿಡ್ರಿ. ತಗೋರಿ, ಬಾಯಿ ಸಿಹಿ ಮಾಡ್ಕೋರಿ."

ಅವನು ಬೂಂದಿ ಲಾಡು ಹಿಡಿದಿದ್ದ. ಲಿಂಬೆಹಣ್ಣಿನಷ್ಟಿತ್ತು. ರೇವಣ ಅದನ್ನು ತೆಗೆದುಕೊಂಡ. "ಥ್ಯಾಂಕ್ಸ್ ಮಾವ," ಎಂದ. ಪೆಂಡಾಲಿನ ಹಿಂದೆ ಹೋಗಿ ಗಟಾರಕ್ಕೆ ಎಸೆದ. ಅಂಗೈಯನ್ನು ಪ್ಯಾಂಟಿಗೆ ಎಷ್ಟು ಒರೆಸಿದರೂ ಜಿಡ್ಡು ಉಳಿಯಿತು. ಮೈಕಿನಲ್ಲಿ ಮಾತಾಡಿದ ಆ ಬಾಯಿಗೂ, ಥ್ಯಾಂಕ್ಸ್ ಎಂದ ತನ್ನ ಬಾಯಿಗೂ ವ್ಯತ್ಯಾಸ ಅವನಿಗೆ ಕಾಣಲಿಲ್ಲ.

ಕಿವಿಗಳನ್ನು ಕಿತ್ತರು. ಗೋಡೆಯಲ್ಲಿ ಉಳಿದ ತಿರುಪಿನ ತೂತುಗಳಿಗೆ ಗೌರವ್ವ ಸೋಪಿನ ಚೂರು ತುಂಬಿ ಮೇಲೆ ಕ್ಯಾಲೆಂಡರು ತೂಗುಹಾಕಿದಳು.

ಎರಡು ಮೂರು ಸಂಜೆಗಳ ಮೇಲೆ ಆಚೆಯ ಗೋಡೆ ಬಡಿಯಿತು. ಕ್ಯಾಲೆಂಡರು ಅಲುಗಿತು. ರೇವಣ ಎದ್ದು ಗೋಡೆಯ ಹತ್ತಿರ ಹೋದ. ಸುಣ್ಣದ ವಾಸನೆ ಬರುವಷ್ಟು ಹತ್ತಿರ. ಆ ಕಡೆ ಯಾರೋ ಗೋಡೆಗೊರಗಿ ಜಾರಿ ಕೂತ ಸದ್ದು ಕೇಳಿಸಿತು. ಅವಳ ಬೆನ್ನು ಇಲ್ಲೇ ಇರಬೇಕು, ತನ್ನ ಕೈ ಇರುವಲ್ಲೇ. ಅವಳು ಕಾಯುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ನಾಲಿಗೆ ಮೇಲೆದ್ದಿತು. ಆಮೇಲೆ ಏನಾಗುತ್ತದೆ, ವಿಠ್ಠಲ ಬಂದು ಬಾಗಿಲಲ್ಲಿ ನಿಂತು ಏನು ಕೇಳುತ್ತಾನೆ, ನಾಳೆ ಓಣಿಯಲ್ಲಿ ಯಾರು ಏನನ್ನುತ್ತಾರೆ ಎಂದು ಅವನ ತಲೆ ಲೆಕ್ಕ ಹಾಕತೊಡಗಿತು. ಲೆಕ್ಕ ಮುಗಿಯುವ ಮೊದಲೇ ಮಗ್ಗ ಶುರುವಾಯಿತು.

"ಕೂಡ್ರು ಬಾ, ಅನ್ನ ಆರ್ತೈತಿ," ಎಂದಳು ಗೌರವ್ವ.

ಒಂದು ಬೆಳಿಗ್ಗೆ ಗೌರವ್ವ ಕಸ ಗುಡಿಸಲು ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ನೂಲಿನ ಉಂಡೆ ಇತ್ತು. ಹಸಿರು, ಕುಂಕುಮಗೆಂಪು. ಯಾರೋ ಮರೆತು ಬಿಟ್ಟದ್ದಲ್ಲ. ಸರಿಯಾಗಿ ನಡುವೆ, ರಂಗೋಲಿ ಹಾಕುವ ಜಾಗದಲ್ಲಿ ಇಟ್ಟಿದ್ದರು. ಅದರಲ್ಲಿ ಕಂದು ಬಣ್ಣದ ಹೊಸ ಕಲೆ.

ಸ್ವಲ್ಪ ಹೊತ್ತಿಗೆ ವಿಠ್ಠಲ ಬಂದ.

"ಅತ್ತೀ, ನಿಮ್ಮ ಮಗಳು ಇಲ್ಲಿಗೇನರ ಬಂದಾಳೇನು? ರಾತ್ರಿ ಏನೋ ಸಣ್ಣ ಮಾತು ಆತು ನೋಡ್ರಿ..."

"ಇಲ್ಲಪಾ. ಕೂಡ್ರು, ಚಹಾ ಕುಡಿ," ಎಂದಳು ಗೌರವ್ವ. ಸೆರಗಿನ ಒಳಗೆ ಅವಳ ಮುಷ್ಟಿ ಬಿಗಿದಿತ್ತು. ಅದರಲ್ಲಿ ಉಂಡೆ ಇತ್ತು. ಅವನು ಕೂತು ಸಕ್ಕರೆ ಕಡಿಮೆಯಾಯಿತೆಂದು ಹೇಳಿ ಚಹಾ ಕುಡಿದ. ಗೌರವ್ವ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ರೇವಣ ಎದುರಿಗೇ ಕೂತು ನೋಡಿದ.

ಮಧ್ಯಾಹ್ನ ಉಜ್ವಲಾ ದೇಸಾಯಿಯವರ ಫೋನು ಬಂತು. ಕಿವಿಗಳ ಜೊತೆ ಅವರಿಗೂ ಪಕ್ಕದ ಜಿಲ್ಲೆಗೆ ವರ್ಗವಾಗಿತ್ತು.

"ನಿಮ್ಮಕ್ಕ ನಮ್ಮ ಆಸರೆ ಮನಿಗೆ ಬಂದಾರ್ರಿ. ಒಬ್ಬರ ಬಸ್ ಹತ್ತಿ ಬಂದಾರ. ದವಡಿ ಮುರದೈತಿ, ಡಾಕ್ಟರ್ ನೋಡ್ಯಾರ, ಉಳದಂಗ ಆರಾಮ ಅದಾರ." ಆಮೇಲೆ ಕೇಳಿದರು, "ರೇವಣ, ನಿಮ್ಮಿಬ್ಬರ ಮನಿಗೆ ನಡುವಿನ ಗ್ವಾಡಿ ಒಂದ ಏನ್ರಿ?"

"ಹೌದ್ರಿ ಮೇಡಂ."

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿಸಿತು.

"ನಿಯಮ ಸರಿ ಇತ್ತು ಅಂದಂಗಾತು," ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಜಿಲ್ಲೆಯಲ್ಲಿ ಅವರು ಕರೆಂಟಿನ ಉಡುಗೊರೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ರೇವಣನ ನಿಯಮವನ್ನು ಕಿವಿಗಳಿಗೆ ಹಾಕಿಸಿ ಅದರ ಮೇಲೆ ತಮ್ಮದೊಂದು ಮಾತು ಸೇರಿಸಿದರು. ಪೆಟ್ಟಾದ ಮೇಲೆ ಮನೆಯಲ್ಲಿ ಯಾರೂ ಮಾತಾಡದಿದ್ದರೆ ಕಿವಿಯೇ ಕೇಳಬೇಕು, ಮನುಷ್ಯರ ಧ್ವನಿಯಲ್ಲಿ, ಪಕ್ಕದ ಮನೆಯವರು ಕೇಳುವ ಹಾಗೆ: ಏನ್ ಬಿತ್ತು? ಅದಕ್ಕೆ ಉತ್ತರ ಬಾರದಿದ್ದರೆ ತಂಬಿಗೆಯ ಹೆಂಗಸರಿಗೆ ಸುದ್ದಿ. ಅವರ ಕೈಯಲ್ಲಿ ತಂಬಿಗೆಯ ಹೊರತು ಬೇರೇನೂ ಇರದಂತೆ ನೋಡಿಕೊಳ್ಳಲು ಉಜ್ವಲಾ ತಾವೇ ಹೋಗಿ ಬರುತ್ತಿದ್ದರು.

ಧ್ವನಿ ಗಂಡಸಿನದಿರಲಿ, ನಿಯಮ ಮಾಡಿದವನದೇ ಇರಲಿ ಎಂದರು. ರೇವಣ ಹೋಗಿ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತ. ಎರಡು ಪದ. ಗಾಜಿನಾಚೆ ಫಕೀರೇಶ ಕೈ ಎತ್ತಿ ಸನ್ನೆ ಮಾಡಿದ. ರೇವಣ ಬಾಯಿ ತೆರೆದ. ಗಂಟಲಲ್ಲಿ ನೂಲು ತುಂಬಿದಂತಾಗಿ ಉಸಿರು ಮಾತ್ರ ಬಂತು. ಮತ್ತೆ ಸನ್ನೆ. ಮತ್ತೆ ಉಸಿರು.

"ಎದ್ದೇಳಲೇ," ಎಂದ ಫಕೀರೇಶ ಒಳಗೆ ಬಂದು. "ನಿನ್ನ ನಂಬಿದ್ರ ಊರಿಗೂರ ಸಾಯ್ತೈತಿ." ಮೈಕಿಗೆ ಬಾಯಿ ಹಚ್ಚಿ ಒಂದೇ ಸಲಕ್ಕೆ ಹೇಳಿದ. ದೊಡ್ಡ, ಒರಟು, ಕುತೂಹಲದ ಧ್ವನಿ: "ಏನ್ ಬಿತ್ರೀ?"

ಆ ಊರಿನ ಗೋಡೆಗಳು ಈಗ ಫಕೀರೇಶನ ಧ್ವನಿಯಲ್ಲಿ ಕೇಳುತ್ತವೆ. ಮಕ್ಕಳು ಬೇಕೆಂದೇ ತಾಟು ಬೀಳಿಸಿ, ಬಾಯಿ ಮುಚ್ಚಿಕೊಂಡು ಅದರಿಂದ ಮಾತಾಡಿಸುತ್ತವೆಯಂತೆ. ಒಬ್ಬ ಮುದುಕಿ 'ನನ್ನ ಹಲ್ಲು ಬಿತ್ತೋ ಯಪ್ಪಾ' ಎಂದು ದಿನವೂ ಉತ್ತರ ಕೊಡುತ್ತಾಳಂತೆ. ಗಂಡಸರು ಮೊದಲು ಸಿಟ್ಟಾಗಿ ಕೆಲವು ಕಿವಿ ಒಡೆದರು. ಒಡೆದ ಸದ್ದಿಗೆ ಪಕ್ಕದ ಮನೆಯ ಕಿವಿ 'ಏನ್ ಬಿತ್ರೀ' ಎಂದು ಕೇಳಿತು. ಉತ್ತರ ಬರಲಿಲ್ಲ, ಹೆಂಗಸರು ತಂಬಿಗೆ ಹಿಡಿದು ಬಂದರು. ಕರೆಗಳು ಬಹಳ ಏರಿವೆ. ಆ ಏರಿಕೆ ನೋಡಿ ರಾಜಧಾನಿಯ ಸಾಹೇಬರಿಗೆ ಬೇಸರವಾಗಿದೆ.

ನೇಕಾರರ ಓಣಿಯಲ್ಲಿ ಕರೆಂಟು ಹೋಗಿಲ್ಲ. ವಿಠ್ಠಲ ಮತ್ತೊಂದು ಹೆಣ್ಣು ನೋಡುತ್ತಿದ್ದಾನೆ. ಗೌರವ್ವನಿಗೂ ಅದು ಗೊತ್ತು.

ಬನಶಂಕರಿ ಆಸರೆ ಮನೆಯಲ್ಲೇ ಹೊಲಿಗೆ ಕಲಿತು, ಹೊಸದಾಗಿ ಬಂದವರಿಗೆ ಕಲಿಸುತ್ತಿದ್ದಾಳೆ. ತಮ್ಮನಿಗೆ ಒಂದೇ ಸಲ ಫೋನು ಮಾಡಿದಳು. ದವಡೆ ಕೂಡಿದ್ದರೂ ಮಾತು ಸ್ವಲ್ಪ ಒಂದು ಕಡೆಗೆ ಎಳೆಯುತ್ತಿತ್ತು.

"ಇಲ್ಲಿ ಗ್ವಾಡಿಗೆ ಪೆಟ್ಟಿಗಿ ಹಾಕಿದ ದಿವಸನ ಕೈಯಾಗಿನ ತಾಟು ಬಿತ್ತೋ ತಮ್ಮಾ. ನನಗ ಹೆದರಿಕಿ ಆಗಿ ಸುಮ್ನ ನಿಂತೆ. ಗ್ವಾಡಿ 'ಏನ್ ಬಿತ್ರೀ' ಅಂತು. ನಾ ಅಲ್ಲೇ ಕುಂತು ಭಾಳ ಅತ್ತೆ. ಜೋರಾಗಿ ಅತ್ತೆ ಮತ್ತ. ಆಮ್ಯಾಲೆ 'ತಾಟು ಬಿತ್ರಿ' ಅಂದೆ." ಅವಳು ನಕ್ಕಳು. "ಯಾರ ದನಿಯೋ ಅದು? ನಿಂದು ಅನ್ಕೊಂಡಿದ್ದೆ. ನಿಂದಲ್ಲ."

"ಅಲ್ಲ. ಫಕೀರೇಶಂದು."

"ಚಲೋ ಐತಿ ದನಿ."

"ಹೂಂ."

ಆಗ ಅವಳ ಕಡೆ ಏನೋ ದೊಡ್ಡದಾಗಿ ಬಿದ್ದ ಸದ್ದು ಫೋನಿನಲ್ಲಿ ಕೇಳಿಸಿತು. ಅವಳು ಅದೇನೆಂದು ಹೇಳಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಅವಳು ಅವನಿಗಾಗಿ ಒಂದಿಷ್ಟು ಹೊತ್ತು ಬಿಟ್ಟಳು.

ದೂರದಿಂದ ಫಕೀರೇಶನ ಧ್ವನಿ ಬಂತು: "ಏನ್ ಬಿತ್ರೀ?"

"ಕತ್ತರಿ ಡಬ್ಬಿ ಬಿತ್ರಿ!" ಎಂದು ಅವಳು ಅತ್ತ ತಿರುಗಿ ಕೂಗಿ ಹೇಳಿದಳು. ಆಮೇಲೆ ಫೋನಿಟ್ಟಳು.

ಏನು ಬಿತ್ತು ಎಂದು ರೇವಣ ತನ್ನ ಅಕ್ಕನನ್ನು ಒಮ್ಮೆಯೂ ಕೇಳಲಿಲ್ಲ.